ಚಿಕ್ಕಮ್ಮ ಯಾಕೆ ಏಳುತ್ತಿರಲಿಲ್ಲ

ಹೋದ ತಿಂಗಳು ನನ್ನ ತಂಗಿಯ ಮಗಳಿಗೆ ಡೈವೋರ್ಸ್ ಆಯಿತು. ಹಾಸನದ ಕೋರ್ಟಿನಲ್ಲಿ ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಜಡ್ಜ್ ಇಬ್ಬರನ್ನೂ ಒಂದೊಂದು ಮಾತು ಕೇಳಿದರು. ಇಬ್ಬರೂ ಹೌದು ಅಂದರು. ಮುಗಿಯಿತು. ಹೊರಗೆ ಬಂದು ರಸ್ತೆಯಾಚೆಯ ಅಂಗಡಿಯಲ್ಲಿ ಟೀ ಕುಡಿಯುತ್ತಾ ಕೂತೆವು. ಅಳುತ್ತಾಳೇನೋ ಅಂತ ನಾನು ಕರ್ಚೀಫು ತೆಗೆದಿಟ್ಟುಕೊಂಡಿದ್ದೆ. ಅಳಲಿಲ್ಲ. ಬನ್ನು ಅದ್ದಿಕೊಂಡು ತಿಂದಳು. ಆಮೇಲೆ ಕೇಳಿದಳು.

"ದೊಡ್ಡಮ್ಮ, ಇನ್ಮೇಲೆ ನಾನು ಪರಮಪ್ರಸಾದ ತಗೊಳ್ಳೋ ಹಾಗಿಲ್ಲ ಅಲ್ವಾ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಥೋಲಿಕ ಚರ್ಚಿನಲ್ಲಿ ಪೂಜೆ ಮುಗಿಯುವ ಹೊತ್ತಿಗೆ ಎಲ್ಲರೂ ಸಾಲಾಗಿ ಹೋಗಿ ತೆಳ್ಳನೆಯ ಬಿಳಿ ರೊಟ್ಟಿ ತೆಗೆದುಕೊಳ್ಳುತ್ತಾರೆ. ನಮಗೆ ಅದು ಯೇಸುಸ್ವಾಮಿಯ ಶರೀರವೇ. ಸಾಲಿನಲ್ಲಿ ಯಾರು ಹೋದರು, ಯಾರು ಕೂತೇ ಇದ್ದರು ಅನ್ನೋದು ಇಡೀ ಚರ್ಚಿಗೆ ಕಾಣುತ್ತದೆ. ಕಾಣುವುದಷ್ಟೇ ಅಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಚರ್ಚೆಯೂ ಆಗುತ್ತದೆ.

"ತಗೋಬಹುದು ಕಣೇ. ಯಾರು ಬೇಡ ಅಂದ್ರು?"

"ಯಾರೂ ಅಂದಿಲ್ಲ. ಹಾಗೇ ಅಲ್ವಾ ಇರೋದು?"

ಹಾಗೇ ಅಲ್ವಾ ಇರೋದು. ಈ ಹುಡುಗಿ ಓದಿದವಳು, ಬೆಂಗಳೂರಿನಲ್ಲಿ ಕೆಲಸ ಮಾಡುವವಳು. ಅವಳಿಗೂ ಈ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಅವಳು ಹುಟ್ಟಿದಾಗಿನಿಂದ ಭಾನುವಾರ ಭಾನುವಾರ ನಮ್ಮ ಚಿಕ್ಕಮ್ಮನನ್ನು ನೋಡುತ್ತಾ ಬೆಳೆದವಳು.

ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಅವರ ಮದುವೆ 1974ರಲ್ಲಿ, ಶೆಟ್ಟಿಹಳ್ಳಿಯ ಚರ್ಚಿನಲ್ಲಿ. ಆ ಚರ್ಚು ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಖಾಲಿಯಾಯಿತು. ಮಳೆಗಾಲದಲ್ಲಿ ಹಿನ್ನೀರು ಚರ್ಚಿನೊಳಗೆ ಬರುತ್ತದೆ, ಬೇಸಿಗೆಯಲ್ಲಿ ಗೋಡೆ, ಕಮಾನು ಮತ್ತೆ ಮೇಲೆ ಕಾಣುತ್ತವೆ. ಈಗ ಅಲ್ಲಿ ಮದುವೆಗೆ ಮುಂಚಿನ ಫೋಟೋ ಶೂಟ್ ಮಾಡಿಸುವವರದೇ ಗದ್ದಲ. ಒಮ್ಮೆ ನಾವೆಲ್ಲ ಅಲ್ಲಿಗೆ ಹೋದಾಗ ಗೌನು ಹಾಕಿಕೊಂಡ ಹುಡುಗಿಯೊಬ್ಬಳು ಕಮಾನಿನ ಕೆಳಗೆ ನಿಂತು ನಗುತ್ತಿದ್ದಳು. ಚಿಕ್ಕಮ್ಮ ಸ್ವಲ್ಪ ಹೊತ್ತು ನೋಡಿ ಹೇಳಿದರು, "ನನ್ನ ಮದುವೆ ಆದ ಜಾಗ ಮುಳುಗಿ ಹೋಯ್ತು. ಮದುವೆ ಮಾತ್ರ ಮುಳುಗಲಿಲ್ಲ ನೋಡು."

ಗಂಡ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಹೊಡೆತದ ವಿವರ ಇಲ್ಲಿ ಬೇಡ. ಚಿಕ್ಕಮ್ಮನಿಗೆ ಇವತ್ತಿಗೂ ಎಡಗಿವಿ ಕೇಳಿಸುವುದಿಲ್ಲ ಅಂದರೆ ಸಾಕು. ಎರಡು ಸಲ ತವರಿಗೆ ಬಂದರು, ಎರಡು ಸಲವೂ ಅಜ್ಜಿ ಬುದ್ಧಿ ಹೇಳಿ ವಾಪಸ್ ಕಳಿಸಿದರು. ಮೂರನೇ ಸಲ, 1983ರಲ್ಲಿ, ತವರಿಗೆ ಹೋಗಲಿಲ್ಲ. ಒಂದು ಟ್ರಂಕು ಹಿಡಿದುಕೊಂಡು ಹಾಸನಕ್ಕೆ, ನಮ್ಮ ಮನೆಗೆ ಬಂದರು. ನಮ್ಮಪ್ಪ ಜಾಸ್ತಿ ಮಾತಾಡುವವರಲ್ಲ. ರಾಗಿ ಡ್ರಮ್ಮನ್ನು ಮೂಲೆಯಿಂದ ಸರಿಸಿ ಟ್ರಂಕಿಗೆ ಜಾಗ ಮಾಡಿದರು. ಆ ಟ್ರಂಕು ಈಗಲೂ ಅಲ್ಲೇ ಇದೆ.

ಬಂದವರೆಲ್ಲ ಒಂದೇ ವಾಕ್ಯ ಹೇಳುತ್ತಿದ್ದರು. ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು. ನನಗಾಗ ಹನ್ನೆರಡೋ ಹದಿಮೂರೋ. ಜಗಲಿಯಲ್ಲಿ ಕೂತು ಎಷ್ಟು ಸಲ ಕೇಳಿದ್ದೇನೋ. ಚಿಕ್ಕಮ್ಮ ಎದುರಾಡುತ್ತಿರಲಿಲ್ಲ. ಬಂದವರು ಹೋದಮೇಲೆ ಒಳಗೆ ಬಂದು ಅಮ್ಮನ ಹತ್ತಿರ, "ನನ್ನನ್ನ ಕೂಡಿಸಿದ್ದು ದೇವರೇನಲ್ಲ ಕಣಕ್ಕ, ಆಲೂರಿನ ದಲ್ಲಾಳಿ ಮಾವ" ಅನ್ನುತ್ತಿದ್ದರು.

ಚರ್ಚಿಗೆ ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ. ಕೊನೆಯ ಬೆಂಚು, ಗೋಡೆಯ ಕಡೆ ಅಲ್ಲ, ನಡುದಾರಿಯ ಕಡೆ. ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ಚಿಕ್ಕಮ್ಮ ಏಳುತ್ತಿರಲಿಲ್ಲ. ಮಂಡಿ ಒಂದು ಪಕ್ಕಕ್ಕೆ ವಾಲಿಸಿ ಒಳಗಿನವರು ದಾಟಿ ಹೋಗಲು ದಾರಿ ಬಿಡುತ್ತಿದ್ದರು. ನಾವು ಮಕ್ಕಳು ದಾಟಿ ಹೋಗುತ್ತಿದ್ದೆವು. ಯಾಕೆ ಏಳಲ್ಲ ಅಂತ ಕೇಳಿದ್ದಕ್ಕೆ ಅಮ್ಮ, "ಸುಮ್ನಿರು" ಅಂದಿದ್ದರು. ನಮ್ಮ ಮನೆಯಲ್ಲಿ ಧರ್ಮಶಾಸ್ತ್ರದ ಪಾಠ ಅಂದರೆ ಅಷ್ಟೇ.

ಆಗ ಚಿಕ್ಕಮ್ಮ ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂತ ಈಗಿನವರು ಕೇಳುತ್ತಾರೆ. ಹೋಗಿದ್ದರೂ ಪ್ರಯೋಜನ ಇರಲಿಲ್ಲ. ಕ್ರೈಸ್ತರ ಡೈವೋರ್ಸ್ ಕಾನೂನು ಬ್ರಿಟಿಷರು 1869ರಲ್ಲಿ ಮಾಡಿದ್ದು. ಗಂಡನಾದವನು ಹೆಂಡತಿಯ ಹಾದರವೊಂದನ್ನು ಸಾಬೀತು ಮಾಡಿದರೆ ಸಾಕಿತ್ತು. ಹೆಂಡತಿಗೆ ಅದು ಸಾಲದು. ಗಂಡ ಹಾದರ ಮಾಡಿರಬೇಕು, ಜೊತೆಗೆ ಹೊಡೆದಿರಲೂ ಬೇಕು, ಇಲ್ಲವೇ ಹಾದರದ ಜೊತೆಗೆ ಎರಡು ವರ್ಷ ಬಿಟ್ಟು ಹೋಗಿರಬೇಕು. ಇಂಥವೇ ಇನ್ನೂ ಕೆಲವು ಜೋಡಿ ಕಾರಣಗಳು. ಬರೀ ಹೊಡೆತಕ್ಕೆ ಡೈವೋರ್ಸ್ ಇಲ್ಲ, ಬೇರೆ ಇರೋದಕ್ಕೆ ಅಪ್ಪಣೆ ಸಿಗಬಹುದಿತ್ತು, ಅಷ್ಟೇ. ಜಿಲ್ಲಾ ಕೋರ್ಟು ಡೈವೋರ್ಸ್ ಕೊಟ್ಟರೂ ಅದನ್ನು ಹೈಕೋರ್ಟಿನ ಮೂವರು ನ್ಯಾಯಾಧೀಶರು ಖಾಯಂ ಮಾಡಬೇಕಿತ್ತು. ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನಿಂದ ಗಂಡ ಪರಿಹಾರದ ಹಣವನ್ನೂ ಕೇಳಬಹುದಿತ್ತು, ಪಕ್ಕದ ಜಮೀನಿನ ದನ ಬೇಲಿ ಹಾರಿದ್ದಕ್ಕೆ ಕೇಳಿದ ಹಾಗೆ.

ಈ ತಾರತಮ್ಯವನ್ನು ಇಂಗ್ಲೆಂಡ್ ತನ್ನ ಮನೆಯಲ್ಲಿ 1923ರಲ್ಲೇ ತಿದ್ದಿಕೊಂಡಿತು. ನಮಗೆ ಬಿಟ್ಟುಹೋದದ್ದು ಮಾತ್ರ ಹಾಗೇ ಉಳಿಯಿತು. ಕೇರಳ ಹೈಕೋರ್ಟ್ 1995ರಲ್ಲಿ, ಬಾಂಬೆ ಹೈಕೋರ್ಟ್ 1997ರಲ್ಲಿ ಇದು ಅನ್ಯಾಯ ಅಂದವು. ಸಂಸತ್ತು ತಿದ್ದಿದ್ದು 2001ರಲ್ಲಿ. ಹೊಡೆತವೂ ಒಂದು ಕಾರಣ ಅಂತ ಆಗ ಆಯಿತು. ಇಬ್ಬರೂ ಒಪ್ಪಿ ಬಿಡುವ ದಾರಿಯೂ ಆಗಲೇ ತೆರೆದದ್ದು. ಅದರಲ್ಲೂ ಒಂದು ಕೊಕ್ಕೆ. ಹಿಂದೂಗಳು ಒಂದು ವರ್ಷ ಬೇರೆ ಇದ್ದರೆ ಅರ್ಜಿ ಹಾಕಬಹುದು, ಕ್ರೈಸ್ತರು ಎರಡು ವರ್ಷ. ನಮ್ಮ ಜಗಳ ಆರೋದಕ್ಕೆ ಜಾಸ್ತಿ ಹೊತ್ತು ಬೇಕು ಅಂತ ಯಾರು ಅಂದುಕೊಂಡರೋ! 2014ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇದನ್ನೂ ಒಂದು ವರ್ಷ ಅಂತಲೇ ಓದಿಕೊಳ್ಳಬೇಕು ಅಂದಿತು. ನಮ್ಮ ಹುಡುಗಿಗೆ ಅದು ಒದಗಿ ಬಂತು. ಚಿಕ್ಕಮ್ಮನಿಗೆ 2001 ಬರುವಷ್ಟರಲ್ಲಿ ತಲೆ ಅರ್ಧ ಬೆಳ್ಳಗಾಗಿತ್ತು. "ಈಗ ಆ ಕಾಗದ ತಗೊಂಡು ಏನು ಮಾಡಲಿ, ಚೌಕಟ್ಟು ಹಾಕಿಸಲಾ?" ಅಂದಿದ್ದರು.

ಕಾನೂನಿನ ಮಾತು ಬಿಡಿ. ದೇವರು ಕೂಡಿಸಿದ್ದನ್ನು ಅಗಲಿಸಬಾರದು ಅನ್ನುವ ಆ ಒಂದು ವಾಕ್ಯ ನನ್ನನ್ನು ತುಂಬ ವರ್ಷ ಕಾಡಿತು. ನಾನು ಟೀಚರು. ಒಂದು ವಾಕ್ಯ ಓದಿದರೆ ಅದರ ಹಿಂದಿನ ಪ್ರಶ್ನೆ ಏನು ಅಂತ ನೋಡುವುದು ಅಭ್ಯಾಸ. ಯೇಸು ಆ ಮಾತು ಹೇಳುವ ಮತ್ತಾಯನ ಶುಭಸಂದೇಶದ ಹತ್ತೊಂಬತ್ತನೇ ಅಧ್ಯಾಯ ತೆಗೆದು ನೋಡಿ. ಫರಿಸಾಯರು ಅನ್ನುವ ಯೆಹೂದ್ಯ ಪಂಗಡದವರು ಬಂದು ಕೇಳುತ್ತಾರೆ, ಯಾವ ಕಾರಣಕ್ಕಾದರೂ ಹೆಂಡತಿಯನ್ನು ಬಿಡಬಹುದೋ ಅಂತ. ಕೇಳಿದವರು ಗಂಡಸರು, ಕೇಳಿದ್ದು ಗಂಡಸರಿಗಿದ್ದ ಅಧಿಕಾರದ ಬಗ್ಗೆ. ಆ ಕಾಲದ ಯೆಹೂದ್ಯ ಗುರುಗಳಲ್ಲಿ ಇದರ ಮೇಲೆ ದೊಡ್ಡ ವಾದವೇ ಇತ್ತು. ಮೋಶೆಯ ಧರ್ಮಶಾಸ್ತ್ರದಲ್ಲಿ ಹೆಂಡತಿಯಲ್ಲಿ ಏನಾದರೂ ಅವಲಕ್ಷಣ ಕಂಡರೆ ಬಿಡುಗಡೆಯ ಪತ್ರ ಬರೆದುಕೊಟ್ಟು ಕಳಿಸಬಹುದು ಅಂತಿತ್ತು. ಅವಲಕ್ಷಣ ಅಂದರೇನು? ಶಮ್ಮಾಯಿ ಪಂಥದವರು ನಡತೆ ಕೆಟ್ಟಿದ್ದರೆ ಮಾತ್ರ ಅಂದರು. ಹಿಲ್ಲೇಲ್ ಪಂಥದವರು ಅಡಿಗೆ ಸೀದರೂ ಸಾಕು ಅಂದರು. ಆಮೇಲೆ ಬಂದ ಅಕಿವ ಅನ್ನುವ ಗುರು, ಇವಳಿಗಿಂತ ಚೆನ್ನಾಗಿರುವವಳು ಸಿಕ್ಕಿದರೂ ಆಯಿತು ಅಂದ.

ಸಾರು ಸೀದು ಹೋಯಿತು ಅಂತ ಒಂದು ಚೀಟಿ ಬರೆದು ಕೈಗೆ ಕೊಟ್ಟರೆ ಆ ಹೆಂಗಸು ಎಲ್ಲಿಗೆ ಹೋಗಬೇಕು? ಹೊಲ ಇಲ್ಲ, ದುಡ್ಡಿಲ್ಲ. ಯೇಸು ಆ ಚೀಟಿ ಬರೆಯುವ ಕೈಯನ್ನು ಹಿಡಿದುಕೊಂಡರು. ನಿಮ್ಮ ಹೃದಯ ಕಲ್ಲಾಗಿದ್ದಕ್ಕೇ ಮೋಶೆ ಹಾಗೆ ಬರೆದದ್ದು, ಮೊದಲಿನಿಂದ ಹಾಗಿರಲಿಲ್ಲ ಅಂದರು. ಕೇಳಿಸಿಕೊಂಡ ಶಿಷ್ಯರ ಮುಖ ಪೆಚ್ಚಾಯಿತು. ಹೀಗಾದರೆ ಮದುವೆ ಆಗದಿರುವುದೇ ವಾಸಿ ಅಂದರಂತೆ! ಇಡೀ ಬೈಬಲಿನಲ್ಲಿ ನನಗೆ ನಗು ತರಿಸುವ ಜಾಗಗಳಲ್ಲಿ ಇದೂ ಒಂದು. ಬಿಡಲು ಆಗದಿದ್ದರೆ ಕಟ್ಟಿಕೊಳ್ಳುವುದೇ ಬೇಡ ಅನ್ನುವ ಗಂಡಸರು ಆಗಲೂ ಇದ್ದರು.

ಬೀದಿಗೆ ಬೀಳಬೇಕಾಗಿದ್ದ ಹೆಂಗಸಿನ ಬೆನ್ನಿಗೆ ನಿಂತ ಮಾತು ಅದು. ಅದೇ ಮಾತನ್ನು ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ಕೂತವರು ಕಿವಿ ಒಡೆಸಿಕೊಂಡು ಬಂದವಳನ್ನು ವಾಪಸ್ ಹೋಗು ಅನ್ನುತ್ತಿದ್ದರು. ಹೊರಗೆ ತಳ್ಳಬೇಡ ಅಂತ ಗಂಡನಿಗೆ ಹೇಳಿದ್ದು, ಹೊರಗೆ ಹೋಗಬೇಡ ಅಂತ ಹೆಂಡತಿಗೆ ಹೇಳಿದ್ದಾಗಿ ಹೋಯಿತು. ಬೈಬಲಿನ ಮಲಾಕಿಯ ಪುಸ್ತಕದ್ದೂ ಇದೇ ಪಾಡು. ದೇವರು ಡೈವೋರ್ಸನ್ನು ದ್ವೇಷಿಸುತ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ಅದೇ ವಚನ ಹಿಂಸೆಯ ಬಗ್ಗೆಯೂ ಅಷ್ಟೇ ಸಿಟ್ಟಿನಲ್ಲಿ ಮಾತಾಡುತ್ತದೆ. ಅರ್ಧಕ್ಕೇ ನಿಲ್ಲಿಸುತ್ತಾರೆ. ಯೆರೆಮೀಯನಲ್ಲಂತೂ ದೇವರೇ ಇಸ್ರಾಯೇಲಿಗೆ ಬಿಡುಗಡೆಯ ಪತ್ರ ಕೊಟ್ಟು ಕಳಿಸಿದೆ ಅನ್ನುತ್ತಾನೆ. ಪೌಲನ ಪತ್ರದಲ್ಲಿ, ನಂಬದ ಗಂಡನೋ ಹೆಂಡತಿಯೋ ಬಿಟ್ಟು ಹೋದರೆ ಹೋಗಲಿ, ದೇವರು ನಮ್ಮನ್ನು ಕರೆದದ್ದು ಸಮಾಧಾನದಲ್ಲಿರಲಿಕ್ಕೆ ಅಂತ ಇದೆ. ಜಗಲಿಯ ಮೇಲೆ ಇವು ಯಾವುದೂ ಕೇಳಿಬರಲಿಲ್ಲ.

ಹಾಗಂತ ಮದುವೆ ಬೇಕಾದಾಗ ಬಿಡುವ ವಸ್ತು ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನನ್ನ ಬದುಕಿಗೇ ಸುಳ್ಳು ಹೇಳಿದ ಹಾಗೆ.

ನಾನು ಮದುವೆಯಾಗಿದ್ದು ಪ್ರಾಟೆಸ್ಟೆಂಟ್ ಮನೆಗೆ, ಚಿಕ್ಕಮಗಳೂರಿಗೆ. ನಮ್ಮ ಚರ್ಚಿನಲ್ಲಿ ಅದಕ್ಕೆ ಬಿಷಪರ ಅನುಮತಿ ಬೇಕು. ಹಾಸನವೂ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೇ, ಅಂದರೆ ಅದೇ ಬಿಷಪರ ವ್ಯಾಪ್ತಿಗೇ, ಸೇರಿರುವುದರಿಂದ ಕಾಗದ ದೂರ ಓಡಾಡಲಿಲ್ಲ. ಅವರಲ್ಲಿ ಮದುವೆ ನಮ್ಮಲ್ಲಿಯ ಹಾಗೆ ದೇವರ ಕೃಪೆಯ ಸಂಸ್ಕಾರ ಅಲ್ಲ, ಒಡಂಬಡಿಕೆ. ಪ್ರಾಟೆಸ್ಟೆಂಟ್ ಪಂಥ ಶುರುಮಾಡಿದ ಲೂಥರ್ ಅದನ್ನು ಲೋಕದ ವ್ಯವಹಾರ ಅಂದುಬಿಟ್ಟ. ಹಾದರ, ಬೇಕಂತಲೇ ಬಿಟ್ಟುಹೋಗುವುದು, ಇವೆರಡಕ್ಕೆ ಡೈವೋರ್ಸ್ ಕೊಡಬಹುದು ಅಂತ ಹದಿನೇಳನೇ ಶತಮಾನದಲ್ಲೇ ಬರೆದಿಟ್ಟುಕೊಂಡ ಸಭೆಗಳಿವೆ. ಹಾಗಾದರೆ ಅಲ್ಲಿ ಜನ ಹಗುರಾಗಿದ್ದಾರಾ ಅಂದರೆ, ಇಲ್ಲ. ನಿಯಮ ಸಡಿಲ, ನಾಲಿಗೆ ಅಷ್ಟೇ ಬಿಗಿ. ನನ್ನ ಅತ್ತೆಯ ಕಡೆಯ ಸಂಬಂಧಿ ಹುಡುಗಿಯೊಬ್ಬಳು ಡೈವೋರ್ಸ್ ಆದಮೇಲೆ ಹಾಡುವ ತಂಡದಿಂದ ಮೆಲ್ಲಗೆ ಹೊರಗೆ ಬಿದ್ದಳು. ಯಾರೂ ಬಿಡು ಅನ್ನಲಿಲ್ಲ. ಅಭ್ಯಾಸ ಯಾವತ್ತು ಅಂತ ಹೇಳುವುದನ್ನು ನಿಲ್ಲಿಸಿದರು.

ನಮಗೆ ಮಕ್ಕಳಾಗಲಿಲ್ಲ. 2004ರಲ್ಲಿ ಡಾಕ್ಟರು ಅದನ್ನು ಖಚಿತ ಮಾಡಿದರು. ಹಳೆಯ ಕಥೋಲಿಕ ಕಾನೂನು ಪುಸ್ತಕ, 1917ರದ್ದು, ಮದುವೆಯ ಮೊದಲ ಉದ್ದೇಶ ಮಕ್ಕಳು, ಎರಡನೆಯದು ಒಬ್ಬರಿಗೊಬ್ಬರು ಆಸರೆ ಅಂತ ನಂಬರು ಹಾಕಿತ್ತು. 1983ರ ಹೊಸ ಪುಸ್ತಕ ನಂಬರು ತೆಗೆದುಹಾಕಿತು. ಗಂಡ ಹೆಂಡಿರ ಒಳಿತು, ಮಕ್ಕಳನ್ನು ಹೆತ್ತು ಬೆಳೆಸುವುದು, ಎರಡನ್ನೂ ಪಕ್ಕಪಕ್ಕ ಇಟ್ಟಿತು. ಪುಸ್ತಕ ಬದಲಾದರೂ ನೆಂಟರು ನಂಬರು ಹಾಕುವುದು ನಿಲ್ಲುತ್ತದಾ? ನನ್ನವರು ಮಾತು ಬಿಟ್ಟರು. ತೋಟದ ಕೆಲಸ, ಮನೆ, ನಿದ್ದೆ. ಹೂಮಳೆ ಬಂದು ಇಡೀ ಊರು ಕಾಫಿ ಹೂವಿನ ವಾಸನೆಯಲ್ಲಿದ್ದ ವಾರ ನಾನು ಬ್ಯಾಗು ತುಂಬಿಕೊಂಡು ಬೇಲೂರು ಮೇಲೆ ಹೋಗುವ ಬಸ್ಸು ಹತ್ತಿ ಹಾಸನಕ್ಕೆ ಬಂದುಬಿಟ್ಟೆ.

ಅಮ್ಮ ಅತ್ತರು. ಚಿಕ್ಕಮ್ಮ ರಾತ್ರಿ ಪಕ್ಕದಲ್ಲಿ ಮಲಗಿದಾಗ ಒಂದೇ ಪ್ರಶ್ನೆ ಕೇಳಿದರು.

"ಅವನ ಹೆಜ್ಜೆ ಸಪ್ಪಳ ಕೇಳಿದ್ರೆ ನಿಂಗೆ ಭಯ ಆಗುತ್ತಾ, ಬೇಜಾರಾಗುತ್ತಾ?"

ಯೋಚನೆ ಮಾಡಿದೆ. "ಬೇಜಾರು" ಅಂದೆ.

"ಹಾಗಾದ್ರೆ ನಾಳೆ ಬೆಳಿಗ್ಗೆ ಬಸ್ಸು ಹತ್ತು. ಭಯ ಆದ್ರೆ ಬಾ, ಟ್ರಂಕ್ ಪಕ್ಕ ಜಾಗ ಇದೆ."

ಬಸ್ಸು ಹತ್ತಿದೆ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಯಿತು. ಸುಖದಲ್ಲೂ ದುಃಖದಲ್ಲೂ ಅಂತ ಎಲ್ಲರೆದುರು ಹೇಳಿದ ಮಾತು ನನ್ನನ್ನು ಆ ವರ್ಷ ಹಿಡಿದಿಟ್ಟಿತು. ಆ ಮಾತು ಇರದಿದ್ದರೆ ನಾನು ಹೊರಟೇ ಹೋಗುತ್ತಿದ್ದೆ. ಈಗಿನ ಈ ಮನುಷ್ಯ, ಸಂಜೆ ಕಾಫಿಗೆ ನನ್ನನ್ನು ಕಾಯುವ ಮನುಷ್ಯ, ನನಗೆ ಸಿಗುತ್ತಲೇ ಇರಲಿಲ್ಲ. ಹಳೆಯ ಕನ್ನಡ ಬೈಬಲಿನ ಮೊದಲ ಪುಟಗಳಲ್ಲೇ ಒಂದು ಮಾತಿದೆ, ಮನುಷ್ಯನು ಒಂಟಿಗನಾಗಿರುವುದು ಒಳ್ಳೆಯದಲ್ಲ, ಅವನಿಗೆ ಸರಿಬೀಳುವ ಸಹಕಾರಿಯನ್ನು ಉಂಟುಮಾಡುವೆನು. ಮಕ್ಕಳ ಮಾತು ಅಲ್ಲಿಲ್ಲ. ಇಲ್ಲಿ ಸಹಕಾರಿ ಅಂತ ಆಗಿರುವ ಹೀಬ್ರೂ ಪದ ಕೀರ್ತನೆಗಳಲ್ಲಿ ದೇವರ ಸಹಾಯಕ್ಕೂ ಬಳಕೆಯಾಗುತ್ತದೆ, ಆದ್ದರಿಂದ ಅಡಿಗೆಮನೆಯ ಸಹಾಯಕಿ ಅಂತ ಅದನ್ನು ಕಿರಿದು ಮಾಡಬೇಡಿ. ನನಗೆ ಇಷ್ಟವಾಗುವುದು ಆ ಸರಿಬೀಳುವ ಅನ್ನುವ ಮಾತು. ಒಂಟಿತನ ಹೋಗಲಿ ಅಂತ ಕೊಟ್ಟದ್ದು ಮದುವೆ. ತೋಟದ ಲೈನ್ ಮನೆಯ ಕೋಣೆಯಲ್ಲಿ ಬಾಗಿಲ ಚಿಲಕದ ಸದ್ದಿಗೆ ನಡುಗುತ್ತಾ ಕೂತಿದ್ದ ಚಿಕ್ಕಮ್ಮನಷ್ಟು ಒಂಟಿಯಾದವರು ಯಾರಿದ್ದರು?

2009ರಲ್ಲಿ ನಮ್ಮ ಅಮ್ಮನ ಕಡೆಯ ಚರ್ಚಿಗೆ ಒಬ್ಬರು ಚಿಕ್ಕ ವಯಸ್ಸಿನ ಫಾದರ್ ಬಂದರು. ಮನೆಮನೆ ಭೇಟಿಗೆ ಬಂದವರು ಚಿಕ್ಕಮ್ಮನನ್ನು ನೇರವಾಗಿ ಕೇಳಿದರು, "ಅಮ್ಮ, ನೀವು ಪ್ರಸಾದಕ್ಕೆ ಯಾಕೆ ಬರಲ್ಲ?" ಚಿಕ್ಕಮ್ಮ ಹೇಳಿದರು. ಫಾದರ್ ಕೇಳಿದರು, "ಮತ್ತೆ ಮದುವೆ ಆದ್ರಾ?" "ಅಯ್ಯೋ, ಇಲ್ಲಪ್ಪ." "ಮತ್ತೆ?"

ಆಗ ನನಗೂ ಗೊತ್ತಾಗಿದ್ದು. ಗಂಡನಿಂದ ಬೇರೆಯಾಗಿರುವವರಿಗೆ, ಡೈವೋರ್ಸ್ ಆದವರಿಗೂ ಕೂಡ, ಅದೊಂದೇ ಕಾರಣಕ್ಕೆ ಪರಮಪ್ರಸಾದ ನಿಷೇಧ ಅಂತ ಕಥೋಲಿಕ ಧರ್ಮಸಭೆ ಹೇಳಿಯೇ ಇಲ್ಲ. ಮೊದಲ ಮದುವೆ ಶೂನ್ಯ ಅಂತ ತೀರ್ಮಾನವಾಗದೆ ಇನ್ನೊಂದು ಮದುವೆಯಾದವರ ವಿಷಯ ಬೇರೆ. ಇರುವ ವಾದವೆಲ್ಲ ಅದರ ಮೇಲೆ, ಪೋಪ್ ಫ್ರಾನ್ಸಿಸ್ 2016ರಲ್ಲಿ ಬರೆದದ್ದರ ಮೇಲೂ. ಇನ್ನೂ ಒಂದು ವಿಷಯ ಫಾದರ್ ಹೇಳಿದರು. ಒಬ್ಬರಿಂದ ಇನ್ನೊಬ್ಬರ ಮೈಗೋ ಮನಸ್ಸಿಗೋ ದೊಡ್ಡ ಅಪಾಯವಿದ್ದರೆ ಬಿಟ್ಟು ಬರಲು ನ್ಯಾಯವಾದ ಕಾರಣವಿದೆ ಅಂತ ಚರ್ಚಿನ ಕಾನೂನಿನಲ್ಲೇ ಇದೆ. 1153ನೇ ಕಲಮು. ಅದಿರುವ ಪುಸ್ತಕ ಹೊರಬಂದದ್ದು 1983ರಲ್ಲಿ. ಚಿಕ್ಕಮ್ಮ ಟ್ರಂಕು ಹಿಡಿದುಕೊಂಡು ಬಂದ ವರ್ಷವೇ. ಹಳೆಯ ಪುಸ್ತಕದಲ್ಲೂ ಇಂಥ ಕಲಮು ಇತ್ತಂತೆ.

ಚಿಕ್ಕಮ್ಮ ಲೋಟ ಕೆಳಗಿಟ್ಟರು. "ಆವಾಗ್ಲೂ ಹೀಗೇ ಇತ್ತಾ, ಫಾದರ್?"

"ಆವಾಗ್ಲೂ ಹೀಗೇ ಇತ್ತಮ್ಮ."

ಇಪ್ಪತ್ತಾರು ವರ್ಷ. ಅಷ್ಟರಲ್ಲಿ ಎಷ್ಟು ಫಾದರುಗಳು ಬಂದು ಹೋದರು, ಎಷ್ಟು ಸಿಸ್ಟರುಗಳು ನಮ್ಮ ಮನೆಯಲ್ಲಿ ಕಾಫಿ ಕುಡಿದರು. ಯಾರೂ ನಿಷೇಧ ಹಾಕಲಿಲ್ಲ, ನಿಷೇಧ ಇಲ್ಲ ಅಂತ ಯಾರೂ ಹೇಳಲೂ ಇಲ್ಲ. ನಮಗೆ ಗೊತ್ತಿತ್ತಾ, ಇರಲಿಲ್ಲ. ಕೇಳಿದೆವಾ, ಅದೂ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ. ಕಲಮು ಕಲ್ಲಿನದ್ದಾಗಿದ್ದರೆ ಗುದ್ದಾಡಬಹುದಿತ್ತು. ಇಲ್ಲದ ಗೋಡೆಗೆ ತಲೆ ಒರಗಿಸಿಕೊಂಡು ಕೂತಿದ್ದರು ನಮ್ಮ ಚಿಕ್ಕಮ್ಮ.

ಟೀ ಅಂಗಡಿಯಲ್ಲಿ ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಮುಂದೆ ಚರ್ಚಿನಲ್ಲಿ ಮತ್ತೆ ಮದುವೆ ಆಗಬೇಕು ಅನ್ನಿಸಿದರೆ ಏನು ಮಾಡಬೇಕು ಅನ್ನೋದನ್ನೂ ಹೇಳಿದೆ. ನೆಂಟರು ಅದಕ್ಕೆ ಚರ್ಚ್ ಡೈವೋರ್ಸ್ ಅನ್ನುತ್ತಾರೆ. ಡೈವೋರ್ಸ್ ಅಲ್ಲ ಅದು. ಒತ್ತಾಯ, ಮೋಸ, ಮದುವೆಯ ಹೊಣೆ ಹೊರಲಾರದ ಮನಸ್ಥಿತಿ, ಇಂಥ ಕಾರಣಕ್ಕೆ ಅವತ್ತು ಕೊಟ್ಟ ಒಪ್ಪಿಗೆಯೇ ಒಪ್ಪಿಗೆ ಆಗಿರಲಿಲ್ಲ ಅಂತ ಚರ್ಚಿನ ನ್ಯಾಯಪೀಠ ಹೇಳುವುದು. ಮೊದಲು ಎರಡು ಪೀಠಗಳು ಒಂದೇ ತೀರ್ಪು ಕೊಡಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಒಂದಕ್ಕೆ ಇಳಿಸಿದರು. ಆದರೆ ಆ ಕಾಗದಕ್ಕೆ ಸರ್ಕಾರದ ಎದುರು ಬೆಲೆ ಇಲ್ಲ, ಸುಪ್ರೀಂ ಕೋರ್ಟ್ 1996ರಲ್ಲೂ 2017ರಲ್ಲೂ ಹಾಗೇ ಹೇಳಿದೆ. ಕೋರ್ಟಿನ ಕಾಗದಕ್ಕೆ ಚರ್ಚಿನಲ್ಲಿ ಬೆಲೆ ಇಲ್ಲ. ಎರಡೂ ಬೇಕು.

"ಮತ್ತೆ ಮದುವೆನಾ? ಮೊದ್ಲು ಈ ಬನ್ನಿನ ದುಡ್ಡು ಕೊಡಿ ದೊಡ್ಡಮ್ಮ" ಅಂದಳು.

ಭಾನುವಾರ ನಾನೂ ಹಾಸನದಲ್ಲೇ ಉಳಿದೆ. ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಹದಿನಾರು ವರ್ಷದಿಂದ ಪರಮಪ್ರಸಾದಕ್ಕೆ ಹೋಗುತ್ತಿದ್ದರೂ ಕೂರುವುದು ಅದೇ ಕೊನೆಯ ಬೆಂಚಿನಲ್ಲಿ, ನಡುದಾರಿಯ ಕಡೆ. ಹುಡುಗಿ ಅವರ ಬಲಗಡೆ ಕೂತಳು, ಒಳ್ಳೆಯ ಕಿವಿಯ ಕಡೆ. ಸಾಲು ಹೊರಟಿತು. ಮುಂದಿನ ಬೆಂಚಿನ ಹೆಂಗಸರಿಬ್ಬರು ತಿರುಗಿ ಒಮ್ಮೆ ನೋಡಿದರು. ಹುಡುಗಿ ಕೂತೇ ಇದ್ದಳು, ಕೈಯಲ್ಲಿ ಜಪಸರ ತಿರುವುತ್ತಾ.

ಚಿಕ್ಕಮ್ಮ ಮೊಣಕೈಯಲ್ಲಿ ತಿವಿದರು. ಕಿವಿ ಮಂದವಾದವರ ಪಿಸುಮಾತು ಎಷ್ಟು ಜೋರಿರುತ್ತದೆ ಅಂತ ಗೊತ್ತಲ್ಲ, ಐದಾರು ಬೆಂಚಿಗೆ ಕೇಳಿಸಿತು.

"ಏಳೇ. ನೀನು ಎದ್ರೆ ತಾನೆ ನಾನು ನಿನ್ನ ಕೈ ಹಿಡ್ಕೊಂಡು ಏಳೋದು."